ಇಂಕಾ ದೊರೆ ಪಚಕುತಿ

ದಕ್ಷಿಣ ಅಮೆರಿಕದ ಪಶ್ಚಿಮ ಅಂಚಿನಲ್ಲಿ ಆಂಡೀಸ್ ಪರ್ವತಶ್ರೇಣಿಯು ಕೋಟೆಯ ಗೋಡೆಯಂತೆ ನಿಂತಿದೆ. ಈ ಪರ್ವತಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದ ಕಣಿವೆಯೊಂದರಲ್ಲಿ ಕುಸ್ಕೊ ನಗರವಿದೆ. ಇಂದು ಪೆರು ದೇಶಕ್ಕೆ ಸೇರಿರುವ ಈ ನಗರವು ಹದಿನೈದನೆಯ ಶತಮಾನದ ಆರಂಭದಲ್ಲಿ ಚಿಕ್ಕ ರಾಜ್ಯವೊಂದರ ರಾಜಧಾನಿಯಾಗಿತ್ತು. ಒಂದು ನೂರು ವರ್ಷಗಳಲ್ಲಿ ಅದು ವಿಶಾಲವಾದ ಸಾಮ್ರಾಜ್ಯದ ಕೇಂದ್ರವಾಗಿ ಬೆಳೆಯಿತು. ಈ ಬೆಳವಣಿಗೆಗೆ ಅಡಿಗಲ್ಲನ್ನಿಟ್ಟವನು ಇಂಕಾ ವಂಶದ ಒಂಬತ್ತನೆಯ ದೊರೆ ಪಚಕುತಿ. ಅವನ ಬಾಳಿನ ಸಾರವು ಅವನ ಹೆಸರಿನಲ್ಲಿಯೇ ಅಡಗಿದೆ.

ಆ ಹೆಸರು ಅವನಿಗೆ ಹುಟ್ಟಿನಿಂದ ಬಂದುದಲ್ಲ. ವಿರಕೋಚ ಎಂಬ ದೊರೆಯ ಮಗನಾದ ಅವನ ಮೊದಲ ಹೆಸರು ಕೂಸಿ ಯುಪಂಕಿ. 'ಕೂಸಿ' ಎಂದರೆ ಸಂತೋಷ. ತಂದೆಯು ಪಟ್ಟವನ್ನು ಅವನಿಗೆ ಮೀಸಲಿಟ್ಟಿರಲಿಲ್ಲ. ಉರ್ಕೊ ಎಂಬ ಮತ್ತೊಬ್ಬ ಮಗನಿಗೆ ಇಟ್ಟಿದ್ದನು. ಹೀಗಿರಲು ಚಂಕಾ ಎಂಬ ಬಲಿಷ್ಠ ಜನಾಂಗವು ಕುಸ್ಕೊವಿನ ಮೇಲೆ ದಂಡೆತ್ತಿ ಬಂದಿತು. ವೃದ್ಧ ದೊರೆಯೂ ಉರ್ಕೊವೂ ನಗರವನ್ನು ತೊರೆದು ಸುರಕ್ಷಿತವಾದ ಸ್ಥಳವನ್ನು ಸೇರಿದರು. ಕೂಸಿ ಯುಪಂಕಿ ಮಾತ್ರ ಕೆಲವೇ ಜನರೊಡನೆ ನಗರದಲ್ಲಿ ಉಳಿದು ಹೋರಾಡಿ ಜಯಗಳಿಸಿದನು. ಆ ದಿನ ಬಯಲಿನ ಕಲ್ಲುಗಳೇ ಯೋಧರಾಗಿ ಎದ್ದು ಅವನ ಪರವಾಗಿ ಕಾದಿದುವೆಂದು ಇಂಕಾ ಜನರ ಐತಿಹ್ಯವು ಹೇಳುತ್ತದೆ. ಗೆದ್ದ ರಾಜಕುಮಾರನು ಸಿಂಹಾಸನವನ್ನೇರಿ ಪಚಕುತಿ ಎಂಬ ಹೊಸ ಹೆಸರನ್ನು ಧರಿಸಿದನು. ಈ ಘಟನೆ ಸುಮಾರು 1438ರಲ್ಲಿ ನಡೆಯಿತೆಂಬುದು ಬಹುಕಾಲದಿಂದ ಬಂದ ಲೆಕ್ಕ.

ಇಂಕಾ ಜನರ ಭಾಷೆ ಕ್ವೆಚುವಾ. ಆ ಭಾಷೆಯಲ್ಲಿ 'ಪಚ' ಎಂದರೆ ಭೂಮಿ. ಕಾಲ ಎಂಬ ಅರ್ಥವೂ ಅದಕ್ಕಿದೆ. ನೆಲವನ್ನೂ ಕಾಲವನ್ನೂ ಅವರು ಒಂದೇ ಮಾತಿನಿಂದ ಕರೆದರು. 'ಕುತಿ' ಎಂದರೆ ತಿರುಗುವಿಕೆ, ಮರಳುವಿಕೆ. ಹಳೆಯ ಕ್ರಮವು ಮಗುಚಿ ಹೊಸ ಕ್ರಮವು ಹುಟ್ಟುವುದೇ ಪಚಕುತಿ.

ಅವನ ಆಳ್ವಿಕೆಯು ಈ ಹೆಸರಿಗೆ ತಕ್ಕಂತೆಯೇ ಇತ್ತು. ಅವನು ಕುಸ್ಕೊ ನಗರವನ್ನು ಹೊಸದಾಗಿ ಕಟ್ಟಿಸಿದನು; ಅಲ್ಲಿ ಹರಿಯುವ ತೊರೆಗಳಿಗೆ ಕಲ್ಲಿನ ಕಾಲುವೆಗಳನ್ನು ಮಾಡಿಸಿದನು; ಕೊರಿಕಾಂಚ ಎಂಬ ಸೂರ್ಯದೇವಾಲಯವನ್ನು ವೈಭವದಿಂದ ಪುನರ್ನಿರ್ಮಿಸಿದನು. ಬೆಟ್ಟದ ನೆತ್ತಿಯ ಮೇಲಿರುವ ಮಾಚು ಪಿಚು ಅವನ ರಾಜನಿವಾಸವಾಗಿತ್ತೆಂದು ವಿದ್ವಾಂಸರು ಭಾವಿಸುತ್ತಾರೆ. ಅಲ್ಲಿ ದೊರೆತ ಮೂಳೆಗಳ ಕಾಲವನ್ನು ನಿರ್ಣಯಿಸಿ 2021ರಲ್ಲಿ ಪ್ರಕಟವಾದ ಸಂಶೋಧನೆಯು ಆ ನೆಲೆಯಲ್ಲಿ ಸುಮಾರು 1420ರಿಂದಲೇ ಜನವಾಸವಿತ್ತೆಂದು ಸೂಚಿಸಿದೆ. ಆದುದರಿಂದ ಅವನ ಆಳ್ವಿಕೆಯು 1438ಕ್ಕಿಂತ ಮೊದಲೇ ಆರಂಭವಾಗಿರಬಹುದು. ಆದರೆ ಲೋಕ ಮಗುಚಿದಾಗ ಎಲ್ಲರಿಗೂ ಒಳಿತಾಗಲಿಲ್ಲ. ಸೋತ ನಾಡುಗಳ ಎಷ್ಟೋ ಕುಟುಂಬಗಳನ್ನು ಇಂಕಾ ಅರಸರು ತಾಯ್ನೆಲದಿಂದ ಕಿತ್ತು ದೂರದ ಪ್ರಾಂತಗಳಲ್ಲಿ ನೆಲೆಗೊಳಿಸಿದರು. ಒಬ್ಬರ ಉದಯವು ಮತ್ತೊಬ್ಬರ ಅಸ್ತಮಾನವಾಯಿತು.

ಪಚಕುತಿ ಸುಮಾರು 1471ರಲ್ಲಿ ತೀರಿಕೊಂಡನು. ಇಂಕಾ ಜನರಿಗೆ ಅಕ್ಷರಲಿಪಿ ಇರಲಿಲ್ಲ. ದಾರಗಳಿಗೆ ಗಂಟು ಹಾಕಿ ಅವರು ಲೆಕ್ಕಗಳನ್ನು ಇಡುತ್ತಿದ್ದರು. ಆದ್ದರಿಂದ ಅವನ ಹೆಸರು ಜನರ ನಾಲಗೆಯ ಮೇಲೆ ಉಳಿಯಿತು. ಅದನ್ನು ಕಾಗದಕ್ಕಿಳಿಸಿದವರು ನಾಡನ್ನು ಗೆದ್ದ ಸ್ಪೇನಿನವರು. ಪಚಕುತಿಯ ಮನೆತನದ ಸ್ತ್ರೀಯನ್ನು ಮದುವೆಯಾಗಿದ್ದ ಹುವಾನ್ ದೆ ಬೆತಾನ್ಸೋಸ್ ಎಂಬಾತನು 1551ರಲ್ಲಿ ಅವನ ಚರಿತ್ರೆಯನ್ನು ಬರೆದನು. ಇಂಕಾ ರಾಜಕುಮಾರಿಯ ಮಗನಾದ ಗಾರ್ಸಿಲಾಸೊನ ಗ್ರಂಥವು 1609ರಲ್ಲಿ ಅಚ್ಚಾಯಿತು. ಅವನಾದರೋ ಚಂಕಾ ಯುದ್ಧದ ಕೀರ್ತಿಯನ್ನು ತಂದೆ ವಿರಕೋಚನಿಗೇ ಸಲ್ಲಿಸಿದನು.

ಇಂಗ್ಲಿಷ್ ಭಾಷೆಗೆ ಈ ಹೆಸರು ಬಂದುದು ಸ್ಪ್ಯಾನಿಷ್ ಬರೆಹಗಳ ದಾರಿಯಿಂದ. ಆದುದರಿಂದ ಇಂಗ್ಲಿಷ್ ಪುಸ್ತಕಗಳಲ್ಲಿ ಅದಕ್ಕೆ ಹಲವು ರೂಪಗಳಿವೆ. ಕೆಲವರು ಪಚಕುತಿ ಎಂದರೆ ಕೆಲವರು ಪಚಕುತೆಕ್ ಎಂದು ಬರೆಯುತ್ತಾರೆ. ಈ ಭೇದವು ಕೇವಲ ಕಾಗುಣಿತದ್ದಲ್ಲ. ಕ್ವೆಚುವಾದಲ್ಲಿ ಕೊನೆಯ ಗಂಟಲಧ್ವನಿಯು ಮಾಡುವವನನ್ನು ಸೂಚಿಸುವ ಪ್ರತ್ಯಯ. ಅದು ಇದ್ದರೆ ಲೋಕವನ್ನು ಮಗುಚಿದವನು ಎಂದರ್ಥ. ಇಲ್ಲದಿದ್ದರೆ ಲೋಕದ ಮಗುಚುವಿಕೆ ಎಂದಷ್ಟೇ ಅರ್ಥ. ಅನೇಕ ಇಂಗ್ಲಿಷ್ ಲೇಖಕರು ಭೂಮಿಯನ್ನು ನಡುಗಿಸಿದವನೆಂದು ಅದನ್ನು ಅನುವಾದಿಸಿದ್ದಾರೆ. ಆ ಅನುವಾದದಲ್ಲಿ ಶೌರ್ಯ ಉಳಿಯಿತು. ಕಾಲವೆಂಬ ಅರ್ಥ ಜಾರಿಹೋಯಿತು. ಇಂಕಾ ಎಂಬ ಮಾತಿನ ಗತಿಯೂ ಇಂಥದೇ. ಮೂಲದಲ್ಲಿ ದೊರೆಗೂ ಅವನ ಕುಲಕ್ಕೂ ಸಲ್ಲುತ್ತಿದ್ದ ಆ ಬಿರುದನ್ನು ಇಂಗ್ಲಿಷ್ ಭಾಷೆಯು ಇಡೀ ಜನಾಂಗಕ್ಕೆ ಹೆಸರಾಗಿಸಿತು.

1532ರಲ್ಲಿ ಸ್ಪೇನಿನ ಪಿಸಾರೊ ಇಂಕಾ ದೊರೆ ಅತಹುವಾಲ್ಪನನ್ನು ಸೆರೆಹಿಡಿದು, ಮರುವರ್ಷ ಕೊಲ್ಲಿಸಿದನು. ಸಾಮ್ರಾಜ್ಯವು ಕುಸಿಯಿತು. ಆ ಮಹಾವಿಪತ್ತನ್ನೂ ಆಂಡೀಸ್ ಜನರು ಪಚಕುತಿಯೆಂದೇ ಕರೆದರು. ಆದರೆ ಮಗುಚಿದ ಲೋಕವು ಮತ್ತೆ ತಿರುಗಬಲ್ಲದೆಂಬ ಭರವಸೆಯೂ ಆ ಪದದೊಳಗಿದೆ. ಎಕ್ವಡಾರ್ ದೇಶದ ಮೂಲನಿವಾಸಿಗಳು 1995ರಲ್ಲಿ ತಮ್ಮ ಹಕ್ಕುಗಳಿಗಾಗಿ ರಾಜಕೀಯ ಸಂಘಟನೆಯೊಂದನ್ನು ಕಟ್ಟಿದಾಗ ಅದಕ್ಕೆ ಪಚಕುತಿಕ್ ಎಂಬ ಹೆಸರನ್ನೇ ಇಟ್ಟರು. ಅರಸನ ಅರಮನೆಗಳು ಪಾಳುಬಿದ್ದಿವೆ. ಅವನು ಧರಿಸಿದ ಹೆಸರು ಮಾತ್ರ ಅವನ ಜನರ ಬಾಯಲ್ಲಿ ಇನ್ನೂ ಜೀವಂತವಾಗಿದೆ.