ಗಣಿತಜ್ಞ ಕಾಂಟೊರೊವಿಚ್

ಒಂದು ಕಾರ್ಖಾನೆಯಾಗಲಿ, ಒಂದು ವಿದ್ಯಾಶಾಲೆಯಾಗಲಿ ತನ್ನ ಶಕ್ತಿಗೆ ತಕ್ಕಷ್ಟು ಸಾಧಿಸಿದೆಯೆ ಎಂದು ಅಳೆಯುವುದು ಹೇಗೆ? ಹೋದ ವರ್ಷದ ಅಂಕಿಯ ಮೇಲೆ ಇಷ್ಟು ಏರಿಸಿ, ಇದೇ ನಿಮ್ಮ ಗುರಿ ಎನ್ನುವುದು ಸುಲಭ. ಅದು ನ್ಯಾಯವೆ? ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಈ ವಿಷಯದಲ್ಲಿ ದಾರಿ ತೋರಿಸಿದ್ದು ರಷ್ಯದ ಲಿಯೊನಿಡ್ ಕಾಂಟೊರೊವಿಚ್ ಅವರ ಜೀವನ.

ಅವರು 1912ರ ಜನವರಿ 19ರಂದು ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಜನಿಸಿದರು. ವೈದ್ಯರಾಗಿದ್ದ ತಂದೆ 1922ರಲ್ಲಿ ತೀರಿಕೊಂಡರು. ಹುಡುಗ 14ನೆಯ ವಯಸ್ಸಿಗೆ ವಿಶ್ವವಿದ್ಯಾನಿಲಯ ಸೇರಿ, 18ಕ್ಕೆ ವ್ಯಾಸಂಗ ಮುಗಿಸಿ, 1934ರಲ್ಲಿ ಪ್ರಾಧ್ಯಾಪಕನಾದ. ಆಗ ಆ ನಗರದ ಹೆಸರು ಲೆನಿನ್‌ಗ್ರಾಡ್.

1938ರಲ್ಲಿ ಪ್ಲೈವುಡ್ ಉದ್ಯಮದವರು ಅವರಲ್ಲಿಗೆ ಒಂದು ಸಮಸ್ಯೆಯನ್ನು ತಂದರು. ಮರವನ್ನು ತೆಳು ಹಾಳೆಗಳಾಗಿ ಹೆರೆಯುವ 8 ಯಂತ್ರಗಳು, 5 ಬಗೆಯ ಮರ. ಒಂದೊಂದು ಮರಕ್ಕೆ ಒಂದೊಂದು ಯಂತ್ರದ ವೇಗ ಬೇರೆ. ಪ್ರತಿ ಯಂತ್ರಕ್ಕೂ ಅದಕ್ಕೆ ಸಲೀಸಾದ ಮರವನ್ನೇ ಕೊಟ್ಟರೆ ಒಂದು ಬಗೆ ಮಿಕ್ಕಿ, ಇನ್ನೊಂದು ಸಾಲದೆ ಹೋಗುತ್ತದೆ. ಕಾಂಟೊರೊವಿಚ್ ಪ್ರತಿಯೊಂದು ಬಗೆಗೂ ಒಂದು ಲೆಕ್ಕದ ಬೆಲೆ ಕಟ್ಟಿದರು. ಕೊರತೆಯಾದದ್ದಕ್ಕೆ ಬೆಲೆ ಏರಿಸಿ, ಮಿಕ್ಕಿದ್ದಕ್ಕೆ ಇಳಿಸಿ, ಹಂಚಿಕೆ ಸರಿದೂಗಿದಾಗ ಅದಕ್ಕಿಂತ ಹೆಚ್ಚು ಉತ್ಪತ್ತಿ ಸಾಧ್ಯವಿಲ್ಲವೆಂದು ತೋರಿಸಿಕೊಟ್ಟರು. 1939ರಲ್ಲಿ ಇದು ಕಿರುಪುಸ್ತಕವಾಗಿ ಹೊರಬಂತು.

ಶ್ರಮವೊಂದೇ ಮೌಲ್ಯದ ಮೂಲವೆಂದು ನಂಬಿದ್ದ ಆ ನಾಡಿನಲ್ಲಿ ಮರಕ್ಕೂ ಯಂತ್ರಕ್ಕೂ ಬೆಲೆ ಕಟ್ಟುವುದು ಅಪಾಯದ ಮಾತಾಗಿತ್ತು. ಅವರು 1942ರಲ್ಲಿ ಬರೆದ ದೊಡ್ಡ ಗ್ರಂಥ ಅಚ್ಚಾದದ್ದು 1959ರಲ್ಲಿ. 1940ರ ದಶಕದ ಕೊನೆಯಲ್ಲಿ ಲೆನಿನ್‌ಗ್ರಾಡಿನ ರೈಲುಬಂಡಿ ಕಾರ್ಖಾನೆಯೊಂದರಲ್ಲಿ ಲೋಹದ ತಗಡನ್ನು ಅವರ ಲೆಕ್ಕದಂತೆ ಕತ್ತರಿಸಿದಾಗ ವ್ಯರ್ಥವಾಗುವ ಚೂರು ಬಹಳ ಕಡಿಮೆಯಾಯಿತು. ಆದರೆ ಉಕ್ಕಿನ ಕಾರ್ಖಾನೆಗಳು ಆ ಚೂರುಗಳನ್ನೇ ನೆಚ್ಚಿಕೊಂಡಿದ್ದವು! ಕಾಂಟೊರೊವಿಚ್ ಪಕ್ಷದ ಕಚೇರಿಗೆ ಹೋಗಿ ಉತ್ತರ ಹೇಳಬೇಕಾಯಿತೆಂದು ಅವರ ವಿಷಯ ಬರೆದವರು ತಿಳಿಸುತ್ತಾರೆ. ನಷ್ಟವನ್ನೂ ಸೇರಿಸಿ ಗುರಿ ಇಟ್ಟ ಕಡೆ ದಕ್ಷತೆಯೇ ಅಪರಾಧವಾಗಿ ಕಂಡಿತು.

ಕಾಲ ಕಳೆದಂತೆ ಮನ್ನಣೆ ಬಂತು: 1965ರಲ್ಲಿ ಲೆನಿನ್ ಪ್ರಶಸ್ತಿ, 1975ರಲ್ಲಿ ಕೂಪ್‌ಮನ್ಸ್ ಅವರೊಂದಿಗೆ ಅರ್ಥಶಾಸ್ತ್ರದ ನೊಬೆಲ್. 1986ರ ಏಪ್ರಿಲ್ 7ರಂದು ಅವರು ನಿಧನರಾದರು.

ಇದೇ ಗಣಿತವನ್ನು ಅಮೆರಿಕದಲ್ಲಿ ಡಾಂಟ್ಸಿಗ್ ಅವರು 1947ರಲ್ಲಿ ಸ್ವತಂತ್ರವಾಗಿ ಕಂಡುಕೊಂಡಿದ್ದರು. ಅದನ್ನು ಆಧರಿಸಿ 1978ರಲ್ಲಿ ಚಾರ್ನ್ಸ್, ಕೂಪರ್, ರೋಡ್ಸ್ ಎಂಬವರು ಸಂಸ್ಥೆಗಳ ದಕ್ಷತೆಯನ್ನು ಅಳೆಯುವ ವಿಧಾನವೊಂದನ್ನು ರೂಪಿಸಿದರು. ಅದರಂತೆ ಒಂದು ಶಾಲೆಯ ಫಲಿತಾಂಶವನ್ನು ಮಾತ್ರ ನೋಡಿದರೆ ಸಾಲದು. ಅದಕ್ಕೆ ದೊರೆತ ಸಾಧನಗಳನ್ನೂ ನೋಡಬೇಕು. ಅಷ್ಟೇ ಸಾಧನಗಳಿಂದ ಇತರರು ಸಾಧಿಸಿ ತೋರಿಸಿದ್ದೇ ಅದರ ಗುರಿ.

ಮನೆಯಲ್ಲಿ ಮೊದಲ ಬಾರಿಗೆ ಓದುವವರೇ ಹೆಚ್ಚಾಗಿರುವ ನಮ್ಮಂಥ ಕಾಲೇಜಿಗೆ ಈ ಅಳತೆಗೋಲು ಸಮಾಧಾನವನ್ನು ತರುತ್ತದೆ, ಎಚ್ಚರಿಕೆಯನ್ನೂ ಕೊಡುತ್ತದೆ. ಸಿರಿವಂತ ಕಾಲೇಜಿನ ಪಕ್ಕದಲ್ಲಿ ನಿಲ್ಲಿಸಿ ನಮ್ಮನ್ನು ಹಳಿಯುವುದನ್ನು ಅದು ಒಪ್ಪುವುದಿಲ್ಲ. ಆದರೆ ನಮ್ಮಷ್ಟೇ ಬಡತನದಲ್ಲಿ ಇನ್ನೊಬ್ಬರು ಮುಂದೆ ಹೋಗಿದ್ದರೆ, ನಮ್ಮ ನೆಪಗಳನ್ನೂ ಒಪ್ಪುವುದಿಲ್ಲ.