ಅಮೆರಿಕ ನೋಡಿ ಹಾಸ್ಟೆಲ್ ಕೋಣೆಗೆ ಮರಳಿದ ಮೇಷ್ಟ್ರು

ನಮ್ಮ ಕಡೆಯ ಹುಡುಗರು ಗಲ್ಫಿಗೋ ಅಮೆರಿಕಕ್ಕೋ ಹೋದರೆ ಊರಲ್ಲಿ ಮೊದಲು ಏಳುವುದು ಹೊಸ ಮನೆ. ಅದು ತಪ್ಪಲ್ಲ. ಆದರೆ ಡಾ. ಎಚ್. ನರಸಿಂಹಯ್ಯನವರು ಅಮೆರಿಕದಿಂದ ಡಾಕ್ಟರೇಟ್ ಪಡೆದು ಬಂದು ಸೇರಿಕೊಂಡದ್ದು ಬಸವನಗುಡಿ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಗೆ. ಮದುವೆಯಾಗದ ಅವರಿಗೆ ಅದೇ ಮನೆ.

ಹುಟ್ಟಿದ್ದು 1920ರಲ್ಲಿ, ಗೌರಿಬಿದನೂರು ತಾಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ. ಓದುವ ಆಸೆಗೆ ಬೆಂಗಳೂರಿಗೆ ನಡೆದುಕೊಂಡೇ ಬಂದು ನ್ಯಾಷನಲ್ ಹೈಸ್ಕೂಲು ಸೇರಿದರು. 1936ರಲ್ಲಿ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಮಾತುಗಳನ್ನು ಕನ್ನಡಕ್ಕೆ ಮಾಡಿ ಹೇಳಿದ್ದು ಇದೇ ಹುಡುಗ. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲು ಕಂಡರು. 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾದರು.

ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದದ್ದು 1950ರ ದಶಕದ ಕೊನೆಗೆ. ಆಗಿನ ಅಮೆರಿಕ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು. ಮಹಾಯುದ್ಧ ಮುಗಿಸಿ ಬಂದ ಸೈನಿಕರ ಓದಿನ ಖರ್ಚನ್ನು ಸರಕಾರವೇ ಹೊತ್ತಿತ್ತು. ಹಾಗೆ ಸುಮಾರು 22 ಲಕ್ಷ ಮಂದಿ ಕಾಲೇಜು ಮೆಟ್ಟಿಲು ಹತ್ತಿದ್ದರು. ಅದಕ್ಕಿಂತ ಮೊದಲು ಕಾಲೇಜು ಉಳ್ಳವರ ಮಕ್ಕಳದ್ದೇ ಜಾಗ. ಬಹುತೇಕ ಮನೆಗಳಿಗೆ ಕಾರು, ಫ್ರಿಜ್ಜು, ಟಿವಿ ಬಂದವು. 1957ರಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿದ ಮೇಲಂತೂ ವಿಜ್ಞಾನ ಕಲಿಕೆಗೆ ಹಣದ ಹೊಳೆ. ಅದೇ ವರ್ಷ ಲಿಟ್ಲ್ ರಾಕ್ ಊರಿನಲ್ಲಿ ಒಂಬತ್ತು ಕಪ್ಪು ಮಕ್ಕಳು ಬಿಳಿಯರ ಶಾಲೆಗೆ ಹೋಗಬೇಕಾದರೆ ಸೈನಿಕರ ಕಾವಲು ಬೇಕಾಯಿತು! ಸಿರಿ ಬಂದಷ್ಟು ಬೇಗ ಮನಸ್ಸು ಬದಲಾಗಲಿಲ್ಲ ನೋಡಿ.

1960ರಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಸಿಕ್ಕಿತು. ಆ ವಿದ್ಯೆಗೆ ಅಲ್ಲಿ ಬೇಡಿಕೆಯಿದ್ದ ಕಾಲ ಅದು. ಇವರು ಬಸವನಗುಡಿಗೇ ವಾಪಸ್ ಬಂದರು. ಅದೇ ಖಾದಿ ಪಂಚೆ, ಜುಬ್ಬಾ, ಗಾಂಧಿ ಟೋಪಿ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ದೊಡ್ಡ ವಿಜ್ಞಾನಿಗಳನ್ನು ಕರೆಸಿ ಸಾಮಾನ್ಯ ಜನರಿಗೆ ಪುಕ್ಕಟೆ ಉಪನ್ಯಾಸ ಕೊಡಿಸಿದರು. ನನ್ನ ಅಂದಾಜಿನಲ್ಲಿ ಅಮೆರಿಕದಿಂದ ಅವರು ಹೊತ್ತು ತಂದ ಸಾಮಾನು ಇದೊಂದೇ: ವಿಜ್ಞಾನ ಎಲ್ಲರ ಮನೆಯಂಗಳಕ್ಕೆ ಬರಬೇಕೆಂಬ ಹಟ.

1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದಾಗ ದೊಡ್ಡ ಗಲಾಟೆಯೇ ಆಯಿತು. ದೇವರ ವಿಷಯದಲ್ಲಿ ಅವರ ದಾರಿ ಬೇರೆ, ನಮ್ಮದು ಬೇರೆ. ಆದರೂ ಪವಾಡದ ಹೆಸರಲ್ಲಿ ಬಡವರ ಜೇಬಿಗೆ ಕೈ ಹಾಕುವವರು ನಮ್ಮಲ್ಲಿ ಇಲ್ಲವೇ? ಮಂತ್ರಿಸಿದ ನೂಲು ಮಾರುವವರನ್ನು ಕಂಡಾಗ ನನಗೆ ಈ ಮೇಷ್ಟ್ರ ನೆನಪಾಗುತ್ತದೆ.

ಬರದ ನಾಡು ಬಾಗೇಪಲ್ಲಿಯಲ್ಲಿ, ತಮ್ಮ ಗೌರಿಬಿದನೂರಿನಲ್ಲಿ ಕಾಲೇಜು ತೆರೆದರು. 1984ರಲ್ಲಿ ಪದ್ಮಭೂಷಣ ಬಂತು. ಕೋಣೆ ಮಾತ್ರ ಬದಲಾಗಲಿಲ್ಲ. 2005ರ ಜನವರಿ 31ರಂದು ತೀರಿಕೊಂಡರು. ಸೈನ್ಸ್ ಫೋರಂನ ಉಪನ್ಯಾಸಗಳು ಆಮೇಲೂ ನಡೆದು ಬಂದಿವೆ.