ಡೆಪ್ಯುಟಿ ಚನ್ನಬಸಪ್ಪ: ಕನ್ನಡ ಶಿಕ್ಷಕರ ತರಬೇತಿಗೆ ಬುನಾದಿ ಹಾಕಿದ ಮಹನೀಯರು

ಇಂದು ಕಿತ್ತೂರು ಕರ್ನಾಟಕವೆಂದು ಕರೆಯಲಾಗುವ ಪ್ರದೇಶದಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಕನ್ನಡದಲ್ಲಿ ತರಬೇತಿ ನೀಡುವ ಕಾರ್ಯಕ್ಕೆ ಬುನಾದಿ ಹಾಕಿದವರಲ್ಲಿ ಡೆಪ್ಯುಟಿ ಚನ್ನಬಸಪ್ಪನವರು (1834–1881) ಅಗ್ರಗಣ್ಯರು.

ಹಿನ್ನೆಲೆ

1818ರಲ್ಲಿ ಪೇಶ್ವೆಯವರ ಆಡಳಿತ ಕೊನೆಗೊಂಡ ಬಳಿಕ ಈ ಪ್ರದೇಶದ ಬಹುಭಾಗವು ಮುಂಬಯಿ ಪ್ರಾಂತಕ್ಕೆ ಸೇರಿತು. ಕಚೇರಿಗಳಲ್ಲಿಯೂ ಸರಕಾರಿ ಶಾಲೆಗಳಲ್ಲಿಯೂ ಮರಾಠಿಯೇ ಪ್ರಧಾನವಾಗಿತ್ತು. ಖಣ ನೇಯ್ಗೆಗೆ ಹೆಸರಾದ ಗುಳೇದಗುಡ್ಡ, ಬಾದಾಮಿ, ಇಳಕಲ್, ಹುನಗುಂದ ಮೊದಲಾದ ಊರುಗಳ ಮಕ್ಕಳು ಮನೆಯಲ್ಲಿ ಆಡುತ್ತಿದ್ದ ನುಡಿ ಕನ್ನಡ. ಆ ನುಡಿಯಲ್ಲಿ ಅಕ್ಷರ, ಲೆಕ್ಕ ಕಲಿಸುತ್ತಿದ್ದವು ಊರ ಮಠಗಳು. ಬಾಸೆಲ್ ಮಿಶನ್ 1851ರಲ್ಲಿ ಗುಳೇದಗುಡ್ಡದಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಆದರೆ ಊರೂರಿಗೆ ಕನ್ನಡ ಶಾಲೆ ಬರಬೇಕಾದರೆ ಕನ್ನಡದಲ್ಲಿ ಪಾಠ ಹೇಳಲು ಪರಿಣತರಾದ ಶಿಕ್ಷಕರು ಬೇಕಾಗಿದ್ದರು. ಅಂಥವರ ಕೊರತೆಯೇ ಅಂದಿನ ಮುಖ್ಯ ತೊಡಕಾಗಿತ್ತು.

ಶಿಕ್ಷಣ ಮತ್ತು ಸೇವೆ

ಚನ್ನಬಸಪ್ಪನವರು ಧಾರವಾಡದಲ್ಲಿ ಜನಿಸಿದರು. ಇಂಗ್ಲಿಷ್ ವಿದ್ಯಾಭ್ಯಾಸಕ್ಕಾಗಿ ಪುಣೆಗೆ ತೆರಳಿದರು. ಆ ಕಾಲದಲ್ಲಿ ಇಂಗ್ಲಿಷ್ ಬಲ್ಲ ತರುಣರಿಗೆ ಸರಕಾರದ ಹಲವು ಇಲಾಖೆಗಳಲ್ಲಿ ಅವಕಾಶಗಳಿದ್ದವು. ಆದಾಗ್ಯೂ ಅವರು ಶಿಕ್ಷಣ ಕ್ಷೇತ್ರವನ್ನೇ ಆಯ್ದುಕೊಂಡರು.

1854ರ ವುಡ್ ವರದಿಯು ಶಿಕ್ಷಕರ ತರಬೇತಿಗೆ ನಾರ್ಮಲ್ ಶಾಲೆಗಳನ್ನು ತೆರೆಯಬೇಕೆಂದೂ ಅಲ್ಲಿ ಕಲಿಯುವವರಿಗೆ ವಿದ್ಯಾರ್ಥಿವೇತನ ನೀಡಬೇಕೆಂದೂ ಶಿಫಾರಸು ಮಾಡಿತ್ತು. ಈ ನೀತಿಯಂತೆ ಕನ್ನಡ ಭಾಗಕ್ಕಾಗಿ ಸ್ಥಾಪನೆಯಾದ ನಾರ್ಮಲ್ ಶಾಲೆಯ ಮುಖ್ಯಸ್ಥರಾಗಿ ಚನ್ನಬಸಪ್ಪನವರು ಸೇವೆ ಸಲ್ಲಿಸಿದರು. ಈ ಸಂಸ್ಥೆಯೇ ಮುಂದೆ ಧಾರವಾಡದ ಟ್ರೇನಿಂಗ್ ಕಾಲೇಜೆಂದು ಪ್ರಸಿದ್ಧವಾಯಿತು. ತರುವಾಯ ಅವರು ಡೆಪ್ಯುಟಿ ಎಜುಕೇಶನಲ್ ಇನ್ಸ್‌ಪೆಕ್ಟರ್ ಹುದ್ದೆಯನ್ನು ನಿರ್ವಹಿಸಿದರು. ಜನರು ಅವರ ಹೆಸರಿನೊಡನೆ ಹುದ್ದೆಯನ್ನೂ ಸೇರಿಸಿ ಕರೆದುದರಿಂದ ಡೆಪ್ಯುಟಿ ಚನ್ನಬಸಪ್ಪ ಎಂಬ ಹೆಸರೇ ಸ್ಥಿರವಾಯಿತು. ಶಿಕ್ಷಣಾಧಿಕಾರಿ ರಸೆಲ್ ಅವರ ಬೆಂಬಲವೂ ಕನ್ನಡ ಶಾಲೆಗಳ ವಿಸ್ತರಣೆಗೆ ದೊರೆಯಿತು.

ಪತ್ರಿಕೆ ಮತ್ತು ಪುಸ್ತಕಗಳು

ತರಬೇತಿ ಮುಗಿಸಿ ಹಳ್ಳಿ ಸೇರಿದ ಶಿಕ್ಷಕನಿಗೆ ಮುಂದೆ ಮಾರ್ಗದರ್ಶನ ದೊರೆಯುವುದು ಕಷ್ಟವಾಗಿತ್ತು. ಓದಲು ಕನ್ನಡ ಪುಸ್ತಕಗಳೂ ವಿರಳವಾಗಿದ್ದವು. ಈ ಕೊರತೆಯನ್ನು ನೀಗಿಸಲು 1865ರಲ್ಲಿ ಶಿಕ್ಷಕರಿಗಾಗಿಯೇ ಮಠಪತ್ರಿಕೆ ಆರಂಭವಾಯಿತು. ಇದರ ಹಿಂದೆ ಚನ್ನಬಸಪ್ಪನವರ ಶ್ರಮವಿತ್ತು. ಈ ಪತ್ರಿಕೆಯು ಮುಂದೆ ಶಾಲಾಪತ್ರಿಕೆಯಾಗಿ, ಆನಂತರ ಜೀವನ ಶಿಕ್ಷಣ ಎಂಬ ಹೆಸರಿನಿಂದ ಮುಂದುವರಿಯಿತು.

ಷೇಕ್ಸ್‌ಪಿಯರನ ಒಂದು ಹಾಸ್ಯ ನಾಟಕವನ್ನು ಆಧರಿಸಿ ಅವರು ರಚಿಸಿದ ‘ನಗದವರನ್ನು ನಗಿಸುವ ಕಥೆ’ 1871ರಲ್ಲಿ ಪ್ರಕಟವಾಯಿತು. ಸಮಕಾಲೀನರಾದ ವೆಂಕಟ ರಂಗೋ ಕಟ್ಟಿ, ಗಂಗಾಧರ ಮಡಿವಾಳೇಶ್ವರ ತುರಮರಿ ಮೊದಲಾದವರೂ ಬೋಧನೆಯೊಡನೆ ಗ್ರಂಥರಚನೆಯನ್ನು ಕೈಗೊಂಡರು. ಹೀಗೆ ಶಿಕ್ಷಣ ಇಲಾಖೆಯ ಪರಿಸರವು ಕನ್ನಡ ಗದ್ಯವು ಬೆಳೆದ ನೆಲೆಯೂ ಆಯಿತು.

ಚನ್ನಬಸಪ್ಪನವರು ಐವತ್ತು ವರ್ಷ ತುಂಬುವ ಮೊದಲೇ, 1881ರಲ್ಲಿ ನಿಧನರಾದರು. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪನೆಯಾದದ್ದು ಇದಾದ 9 ವರ್ಷಗಳ ನಂತರ, 1890ರಲ್ಲಿ. ಕನ್ನಡ ಓದಬಲ್ಲ ಒಂದು ತಲೆಮಾರನ್ನು ಅಷ್ಟರೊಳಗೆ ಸಿದ್ಧಗೊಳಿಸಿದವರು ಹಳ್ಳಿ ಶಾಲೆಗಳ ಶಿಕ್ಷಕರು.

ಇಂದಿನ ವ್ಯವಸ್ಥೆ

ಅಂದು ಕಲಾದಗಿ ಜಿಲ್ಲೆಗೆ, ತದನಂತರ ವಿಜಾಪುರ ಜಿಲ್ಲೆಗೆ ಸೇರಿದ್ದ ಗುಳೇದಗುಡ್ಡವು 1997ರಲ್ಲಿ ರಚನೆಯಾದ ಬಾಗಲಕೋಟೆ ಜಿಲ್ಲೆಯಲ್ಲಿದೆ. ಈ ಜಿಲ್ಲೆಯ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಇಳಕಲ್ಲಿನಲ್ಲಿದೆ. ಪ್ರಾಥಮಿಕ ಶಾಲಾ ಶಿಕ್ಷಕರಾಗಬಯಸುವವರಿಗೆ ಪದವಿಪೂರ್ವ ಶಿಕ್ಷಣದ ನಂತರ 2 ವರ್ಷಗಳ ಡಿ.ಎಲ್.ಇಡಿ. ಕೋರ್ಸ್ ಇದೆ. 1ರಿಂದ 5ನೇ ತರಗತಿಯ ಬೋಧನೆಗೆ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಬೇಕಾಗುತ್ತದೆ. ತರಬೇತಿಯ ಅವಧಿಯಲ್ಲಿ ಶಾಲೆಗಳಿಗೆ ತೆರಳಿ ಪಾಠ ಮಾಡುವ ಅಭ್ಯಾಸವೂ ಕಡ್ಡಾಯ. ಮಗುವಿಗೆ ತಿಳಿಯುವ ನುಡಿಯಲ್ಲಿ ಕಲಿಸಬಲ್ಲ ಶಿಕ್ಷಕನನ್ನು ಮೊದಲು ರೂಪಿಸಬೇಕೆಂಬ, ಚನ್ನಬಸಪ್ಪನವರು ದುಡಿದ ಉದ್ದೇಶವು ಈ ಕೋರ್ಸಿಗೆ ಅರ್ಜಿ ಸಲ್ಲಿಸುವ ಪ್ರತಿಯೊಬ್ಬ ಅಭ್ಯರ್ಥಿಗೂ ಇಂದಿಗೂ ಅನ್ವಯಿಸುತ್ತದೆ.